ಮುದ್ದೆ ಯಾವಾಗ ಅನ್ನೋಕೆ ಮೊದಲು ಬೇಳೆಯ ಲೆಕ್ಕ

ಅತ್ತಿಗೆಗೆ ತೂಕ ಇಳಿಸೋ ಸ್ಲೀವ್ ಆಪರೇಷನ್ ಆಗಿ 16 ದಿನ, ಗಂಜಿ ತಿಳಿಸಾರಲ್ಲೇ ಇದ್ದಾರೆ, ಎದ್ದರೆ ತಲೆ ಸುತ್ತುತ್ತೆ, ಮನೆಯಲ್ಲಿ ಮೊಟ್ಟೆ ಬಿಟ್ಟರೆ ಮಾಂಸ ಇಲ್ಲ, ಮುಂದೆ ಏನು ಕೊಡೋದು, ಮುದ್ದೆ ಯಾವಾಗ ಅಂತ ಕೇಳಿದ್ದೀರಿ.

ತಲೆಸುತ್ತು ಮೊದಲು. ಈ ಹಂತದಲ್ಲಿ ಅದಕ್ಕೆ ಸಾಮಾನ್ಯ ಕಾರಣ ನೀರು ಸಾಲದಿರೋದು. ದಿನಕ್ಕೆ ಒಂದೂವರೆ ಲೀಟರ್ ಹೋಗಬೇಕು, ಆದರೆ ಒಂದೇ ಸಲ ಒಂದು ಲೋಟ ಹಿಡಿಸಲ್ಲ. ಬಾಟಲಿ ಪಕ್ಕದಲ್ಲಿಟ್ಟುಕೊಂಡು ಐದು ನಿಮಿಷಕ್ಕೊಂದು ಗುಟುಕು. ಎರಡನೇ ಕಾರಣ ಬಿಪಿ, ಶುಗರ್ ಮಾತ್ರೆ ಹಳೇ ಡೋಸಲ್ಲೇ ನಡೀತಿರೋದು. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಎರಡೂ ಇಳಿಯಬಹುದು, ಹಾಗಾಗಿ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇನ್ನು ಮುಂದೆ ಬರೆದಿರೋದರಲ್ಲಿ ಯಾವುದಾದರೂ ನಿಮ್ಮ ಆಸ್ಪತ್ರೆಯವರು ಕೊಟ್ಟ ಚಾರ್ಟಿಗೆ ಹೊಂದದಿದ್ದರೆ ಚಾರ್ಟನ್ನೇ ಪಾಲಿಸಿ.

ಸ್ಲೀವಲ್ಲಿ ಹೊಟ್ಟೆಯ ಸುಮಾರು ಮುಕ್ಕಾಲು ಭಾಗ ತೆಗೆದಿರ್ತಾರೆ. ಉಳಿದಿರೋದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ, ಅದರಲ್ಲೂ ಹೊಲಿಗೆ ಇನ್ನೂ ಹಸಿ. ಅದಕ್ಕೇ ಮೊದಲ ಎರಡು ವಾರ ದ್ರವ, 3-4ನೇ ವಾರ ನುಣ್ಣಗೆ ರುಬ್ಬಿದ್ದು, 5ರಿಂದ 8ನೇ ವಾರ ಮೆತ್ತಗಿನದು, ಆಮೇಲೆ ಮಾಮೂಲಿ ಊಟ. ನಮ್ಮ ಕಡೆ ಎಡವಟ್ಟಾಗೋದು ಇಲ್ಲೇ: ಮೆತ್ತಗಿನದು ಅಂದ ತಕ್ಷಣ ಮನೆಯವರಿಗೆ ಹೊಳೆಯೋದು ಗಂಜಿ, ಸಾರನ್ನ, ಮೊಸರನ್ನ. ಎಲ್ಲಾ ಅಕ್ಕಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಾದವರಿಗೆ ಇದರಿಂದ 15 ಗ್ರಾಂ ಸಿಕ್ಕರೆ ಹೆಚ್ಚು. ತೂಕ ಇಳೀತಾ ಇರುತ್ತೆ, ಇಳಿಯೋದು ಕೊಬ್ಬಿನ ಜೊತೆ ಮಾಂಸಖಂಡವೂ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರೋಕೆ ಶುರುವಾಗುತ್ತೆ. ಒಂದಿಷ್ಟು ಬಹಳ ಜನಕ್ಕೆ ಉದುರುತ್ತೆ, ಮತ್ತೆ ಬರುತ್ತೆ, ಆದರೆ ಪ್ರೋಟೀನ್ ಕಮ್ಮಿ ಇದ್ದವರಿಗೆ ಜಾಸ್ತಿ.

ಬೇಳೆಕಟ್ಟು ಕೊಡ್ತಿದ್ದೀವಲ್ಲ ಅಂತೀರೇನೋ. ಮೇಲಿನ ತಿಳಿ ಬಸಿದು ಕೊಟ್ಟರೆ ಸತ್ವ ತಳದಲ್ಲೇ ಉಳಿಯುತ್ತೆ. 50 ಗ್ರಾಂ ಹೆಸರುಬೇಳೆ ಅರ್ಧ ಗಂಟೆ ನೆನೆಸಿ, 400 ಎಂಎಲ್ ನೀರು, ಚಿಟಿಕೆ ಅರಿಶಿನ, ಜೀರಿಗೆ, ಚೂರು ಶುಂಠಿ ಹಾಕಿ ಕುಕ್ಕರಲ್ಲಿ ನಾಲ್ಕು ಕೂಗು ಕೂಗಿಸಿ. ಬೇಳೆ ಸಮೇತ ಮಿಕ್ಸಿಗೆ ಹಾಕಿ, ಚಮಚದಿಂದ ನಿಧಾನಕ್ಕೆ ಜಾರುವಷ್ಟು ಗಟ್ಟಿ ಇರಲಿ. ಇಷ್ಟರಲ್ಲಿ ಸುಮಾರು 12 ಗ್ರಾಂ ಪ್ರೋಟೀನ್, ಎರಡು ಮೂರು ಹೊತ್ತಿಗೆ ಬರುತ್ತೆ. ಮೆಣಸಿನಕಾಯಿ, ಒಗ್ಗರಣೆಯ ಸಾಸಿವೆ ಈಗ ಬೇಡ.

ಈ ವಾರಕ್ಕೆ ಒಂದು ದಿನದ ಲೆಕ್ಕ ಹೀಗೆ ಕೂಡಿಸಬಹುದು. ಬೆಳಿಗ್ಗೆ 150 ಎಂಎಲ್ ಹಾಲಿಗೆ ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ, 10 ಗ್ರಾಂ. ಹತ್ತೂವರೆಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 80 ಗ್ರಾಂ, 5. ಮಧ್ಯಾಹ್ನ ಮೇಲಿನ ಬೇಳೆ ಅರ್ಧ ಪಾಲು, 6. ಸಂಜೆ ನಾಲ್ಕಕ್ಕೆ ಡಬ್ಬಿಯ ಚಮಚದಲ್ಲಿ ಒಂದು ಅಳತೆ ವೇ ಪ್ರೋಟೀನ್ ಪುಡಿ (ಹಾಲು ಒಡೆದಾಗ ಉಳಿಯೋ ತಿಳಿನೀರಿನಿಂದ ಮಾಡಿದ್ದು) 200 ಎಂಎಲ್ ನೀರಲ್ಲಿ ಕಲಸಿ ಒಂದು ಗಂಟೆ ಹೊತ್ತು ಗುಟುಕರಿಸೋದು, 22ರ ಆಸುಪಾಸು. ರಾತ್ರಿ ಏಳಕ್ಕೆ 50 ಗ್ರಾಂ ಪನೀರ್ ಹಾಲಲ್ಲಿ ರುಬ್ಬಿದ್ದು, 9. ಮಲಗೋ ಮುಂಚೆ 150 ಎಂಎಲ್ ಹಾಲು, 5. ಒಟ್ಟು 57. ಪನೀರಿಗೆ ಹಾಕಿದ ಹಾಲೂ ಸೇರಿದರೆ ಗುರಿಗೆ ಹತ್ತಿರವೇ. ವೇ ಪುಡಿಯನ್ನ ಬಿಸಿ ಹಾಲಿಗೆ ಹಾಕಬೇಡಿ, ಗಂಟು ಕಟ್ಟುತ್ತೆ. ಹಾಲು ಕುಡಿದ ಮೇಲೆ ಹೊಟ್ಟೆ ಗುಡುಗುಟ್ಟಿ ಭೇದಿ ಆದರೆ ಹಾಲು ಬಿಟ್ಟು ಮೊಸರಿಗೆ ಬನ್ನಿ, ಪುಡಿಯಲ್ಲಿ ಐಸೊಲೇಟ್ (ಹಾಲಿನ ಸಕ್ಕರೆ ಬಹುಪಾಲು ತೆಗೆದದ್ದು) ಅಂತ ಬರೆದಿರೋದು ತಗೊಳ್ಳಿ. ಒಂದು ಹೊತ್ತಿನ ಘನ ಆಹಾರ ನಾಲ್ಕೈದು ದೊಡ್ಡ ಚಮಚ ಮೀರಬಾರದು.

ಐದನೇ ವಾರದಿಂದ ಮೊಟ್ಟೆ ಬುರ್ಜಿ (ಒಣಗದಂತೆ ಮೆತ್ತಗೆ, ಬೇಯಿಸಿದ ಮೊಟ್ಟೆಯ ಒಣ ಹಳದಿ ಗಂಟಲಲ್ಲೇ ನಿಲ್ಲುತ್ತೆ), ಕೈಯಲ್ಲಿ ಪುಡಿ ಮಾಡಿದ ಪನೀರ್, ಸೋರೆ ಪಡವಲದ ಮೆತ್ತನೆ ಪಲ್ಯ, ಬೇಳೆಯಲ್ಲಿ ನೆನೆದ ಅರ್ಧ ಇಡ್ಲಿ. ಪನೀರ್ ಹುರಿದರೆ ರಬ್ಬರ್ ಆಗುತ್ತೆ, ಹುರಿಯಬೇಡಿ. ಅವರೆಕಾಯಿ ಕಾಲ ಬಂದರೆ ಹಿತಕಿದಬೇಳೆ ಒಳ್ಳೇದು, ಸಿಪ್ಪೆ ತೆಗೆದಿರುತ್ತಲ್ಲ. ಬಸ್ಸಾರು ಮಾಡಿದ ದಿನ ಸಾರಿಗಿಂತ ಬಸಿದ ಕಾಳನ್ನ ಹಿಸುಕಿ ಕೊಡಿ. ವಿಚಿತ್ರ ಅನ್ನಿಸಬಹುದು, ಮೆತ್ತಗಿನ ಚಪಾತಿಗಿಂತ ತೆಳ್ಳನೆ ಗರಿ ದೋಸೆ ಎಷ್ಟೋ ಜನಕ್ಕೆ ಸಲೀಸು: ಚಪಾತಿ, ಬ್ರೆಡ್, ಮುದ್ದೆಯಾದ ಅನ್ನ ಒಳಗೆ ಮತ್ತೆ ಉಂಡೆ ಕಟ್ಟುತ್ತವೆ.

ಇದರಿಂದಲೇ ರಾಗಿಮುದ್ದೆಯ ಪ್ರಶ್ನೆಗೂ ಉತ್ತರ ಸಿಗುತ್ತೆ. ಈ ಆಪರೇಷನ್ ಆದವರು ತುತ್ತಿಗೆ 25-30 ಸಲ ಅಗಿದು ನೀರು ಮಾಡಿ ನುಂಗಬೇಕು. ಮುದ್ದೆಯೋ, ಅಗಿಯದೆ ನುಂಗೋ ಪದಾರ್ಥ, ಅಗಿದರೆ ಹಲ್ಲಿಗೇ ಮೆತ್ತಿಕೊಳ್ಳುತ್ತೆ. ನನ್ನನ್ನ ಕೇಳಿದರೆ ನಾಲ್ಕನೇ ತಿಂಗಳವರೆಗೆ ಬೇಡ. ಆಮೇಲೂ ಕಾಳು ತಿಂದಾದ ಮೇಲೆ ನೆಲ್ಲಿಕಾಯಿ ಗಾತ್ರ, ಚಿಕ್ಕ ಚಿಕ್ಕ ಚೂರು. ರಾಗಿ ಬೇಕೇಬೇಕು ಅಂದರೆ ಈಗ ಮಜ್ಜಿಗೆ ಹಾಕಿದ ತೆಳು ಅಂಬಲಿ, ಎರಡು ತಿಂಗಳಾದ ಮೇಲೆ ರಾಗಿ ದೋಸೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ ಅಂತ ಮಾತ್ರೆ ನಿಲ್ಲಿಸೋದು ಬೇಡ.

ಆಹಾರ ಸಿಕ್ಕಿಕೊಂಡರೆ ಎದೆ ನಡುವೆ ಒತ್ತಿದ ಹಾಗಾಗಿ ಬಾಯಲ್ಲಿ ನೊರೆಯಂಥ ಜೊಲ್ಲು ಬರುತ್ತೆ. ಆಗ ನೀರು ಕುಡಿಸಿ ತಳ್ಳೋಕೆ ಹೋಗಬೇಡಿ, ಮೇಲೆ ನಿಂತು ವಾಂತಿಯಾಗುತ್ತೆ. ಎದ್ದು ಓಡಾಡಲಿ, ಆ ದಿನ ಮತ್ತೆ ದ್ರವ. ಊಟಕ್ಕೆ ಅರ್ಧ ಗಂಟೆ ಮುಂಚೆ ನೀರು ನಿಲ್ಲಿಸಿ, ಆದ ಅರ್ಧ ಗಂಟೆ ನಂತರ ಶುರು ಮಾಡಿ. ಊಟದ ಕೊನೆಯ ಮಜ್ಜಿಗೆಗೂ ಇದೇ ನಿಯಮ. ಕೇಸರಿಬಾತ್, ಹೋಳಿಗೆ, ಹಣ್ಣಿನ ಜ್ಯೂಸ್ ತಿಂದು ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಭೇದಿ ಬಂದರೆ ಸಕ್ಕರೆ ಕರುಳಿಗೆ ಒಮ್ಮೆಗೇ ಇಳಿದಿದೆ ಅಂತ. ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ನೇರ ಕರುಳಿಗೆ ಜೋಡಿಸೋ ಇನ್ನೊಂದು ಆಪರೇಷನ್) ಆದವರಿಗೆ ಇದು ಹೆಚ್ಚು.

ನೀರೂ ನಿಲ್ಲದೆ ಒಂದು ದಿನ ಪೂರ್ತಿ ವಾಂತಿಯಾದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ. ವಾಂತಿ ಮುಂದುವರಿದರೆ ಬಿ1 ವಿಟಮಿನ್ ಬರಿದಾಗಿ ಮಿದುಳು ನರಗಳಿಗೇ ಪೆಟ್ಟು ಬೀಳುತ್ತೆ. ಗ್ಲೂಕೋಸ್ ಡ್ರಿಪ್ ಹಾಕೋ ಮೊದಲೇ ಬಿ1 ಕೊಡಬೇಕಾಗುತ್ತೆ, ಆದ್ದರಿಂದ ಹೋದ ಕೂಡಲೇ ಸ್ಲೀವ್ ಆಗಿದೆ ಅಂತ ಹೇಳಿ. ಜ್ವರ, ಜೋರು ಹೊಟ್ಟೆನೋವು, ನಾಡಿ 120 ದಾಟೋದು, ಕಪ್ಪು ಮಲ, ಇವಕ್ಕೂ ಬೆಳಗಾಗಲಿ ಅಂತ ಕಾಯಬೇಡಿ.

ಮಾತ್ರೆಗಳು ಜೀವನಪೂರ್ತಿ: ಮಲ್ಟಿವಿಟಮಿನ್, ಬಿ12, ಡಿ3, ಕಬ್ಬಿಣ, ಕ್ಯಾಲ್ಸಿಯಂ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದೇ ಕೇಳಿ, ಹೊಟ್ಟೆಯ ಆಮ್ಲ ಕಮ್ಮಿಯಾದಾಗ ಕಾರ್ಬೊನೇಟ್ ಸರಿಯಾಗಿ ಹೀರಲ್ಲ. ಊಟದಲ್ಲಿ ಬರೋದೂ ಸೇರಿ ದಿನಕ್ಕೆ 1200-1500 ಮಿಲಿಗ್ರಾಂ ಬೇಕು, ಒಂದು ಸಲಕ್ಕೆ 500-600 ಮೀರದಂತೆ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಬೇಕು, ಕಬ್ಬಿಣದ ಹತ್ತಿರ ಕಾಫಿ ಟೀ ಸುಳಿಯಬಾರದು. ತಲೆನೋವು ಅಂತ ಡೈಕ್ಲೊಫೆನಾಕ್, ಐಬುಪ್ರೊಫೆನ್ ನೀವೇ ತಂದು ಕೊಡಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಬಹುದು.

ಆರು ತಿಂಗಳು ದಾಟಿದ ಮೇಲೆ ಜಾಗ್ರತೆ ಬೇಕಾಗೋದು ಚುರುಮುರಿ, ನಿಪ್ಪಟ್ಟು, ಕೋಡುಬಳೆ, ಬೇಕರಿ ಖಾರದ ಬಿಸ್ಕತ್ತಿನ ವಿಷಯದಲ್ಲಿ. ಪನೀರ್ ಎರಡು ತುಂಡಿಗೆ ಸಾಕು ಅನ್ನೋ ಹೊಟ್ಟೆ ಇವನ್ನ ಪೊಟ್ಟಣಗಟ್ಟಲೆ ಬಿಟ್ಟುಕೊಳ್ಳುತ್ತೆ, ಯಾಕಂದರೆ ಬಾಯಲ್ಲೇ ಕರಗಿ ಜಾರಿಹೋಗುತ್ತವೆ. ತೂಕ ವಾಪಸ್ ಬರೋ ದಾರಿಗಳಲ್ಲಿ ಇದೊಂದು. ದರ್ಶಿನಿಗೆ ಹೋದರೆ ನಿಂತು ತಿನ್ನೋದು ಬೇಡ, ಕೂರೋ ಜಾಗ ಇರೋ ಕಡೆ ಹೋಗಿ. ಒಂದೇ ಇಡ್ಲಿ, ಒಂದು ಬಟ್ಟಲು ಸಾಂಬಾರಿನ ತಳದ ಬೇಳೆ, ಇಪ್ಪತ್ತು ನಿಮಿಷ. ಕಾಫಿ ಬೇಕಿದ್ದರೆ ಅರ್ಧ ಗಂಟೆ ಬಿಟ್ಟು, ಬೈಟೂ ಮಾಡಿಸಿ.