ಸಾಸಿವೆ ಡಬ್ಬಿಯ ದುಡ್ಡು ಮತ್ತು ನಿಯಮ 193

ಹಿಂದಿನ ಸಂಚಿಕೆಯಲ್ಲಿ 2016ರ ನೋಟು ರದ್ದತಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾಲ್ಕು ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ಬ್ಯಾಂಕಿನ ಮುಂದೆ ಕ್ಯೂ ನಿಂತು ಮನೆಗೆ ಬಂದು ಟಿವಿ ಹಾಕಿದರೆ, ಲೋಕಸಭೆಯಲ್ಲಿ ‘ನಿಯಮ 184’, ‘ನಿಯಮ 193’ ಅಂತ ಜಗಳ. ಜನರ ಗೋಳು ಬಿಟ್ಟು ನಂಬರಿಗೆ ಯಾಕೆ ಹೊಡೆದಾಡಿದರು? – ಓದುಗರು, ದಾವಣಗೆರೆ

ಉತ್ತರ: ನನಗೂ ಆಗ ಇದೇ ಸಿಟ್ಟು ಬಂದಿತ್ತು. ಆಮೇಲೆ ನಿಯಮಗಳನ್ನು ಓದಿದಾಗ ಗೊತ್ತಾಯಿತು, ಅದು ಸುಮ್ನೆ ನಂಬರಿನ ಜಗಳ ಆಗಿರಲಿಲ್ಲ.

ನಿಯಮ 193ರಲ್ಲಿ ಸಂಸದರು ಮಾತಾಡುತ್ತಾರೆ, ಮಂತ್ರಿ ಉತ್ತರ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಮತ ಇಲ್ಲ. 184ರಲ್ಲಿ ಚರ್ಚೆಯ ಕೊನೆಗೆ ಮತ ಇದೆ. ನಿಯಮ 56ರ ನಿಲುವಳಿ ಸೂಚನೆ ಇನ್ನೂ ಬಿಗಿ. ಸದನದ ಉಳಿದ ಕೆಲಸ ಬದಿಗಿಟ್ಟು ಅದನ್ನೇ ಚರ್ಚಿಸಬೇಕು. ಅದು ಗೆದ್ದರೆ ಸರ್ಕಾರಕ್ಕೆ ಛೀಮಾರಿ ಹಾಕಿದ ಹಾಗೆ. ವಿರೋಧ ಪಕ್ಷಗಳು ಮತ ಬೇಕೇ ಬೇಕು ಅಂದವು. ಸರ್ಕಾರ 193 ಆದರೆ ಈಗಲೇ ತಯಾರು ಅಂದಿತು. ಎದುರುಬದುರು ನಿಂತವರಿಬ್ಬರೂ ನಮ್ಮ ಕಡೆಯವರೇ: ಕಾಂಗ್ರೆಸ್ ನಾಯಕರಾಗಿ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ, ಸಂಸದೀಯ ವ್ಯವಹಾರ ಸಚಿವರಾಗಿ ಬೆಂಗಳೂರು ದಕ್ಷಿಣದ ಅನಂತಕುಮಾರ್. ಸ್ಪೀಕರ್ ಸುಮಿತ್ರಾ ಮಹಾಜನ್ ನಿಲುವಳಿಗೆ ಒಪ್ಪಲಿಲ್ಲ. ನವೆಂಬರ್ 16ರಂದು ಶುರುವಾದ ಅಧಿವೇಶನ ಡಿಸೆಂಬರ್ 16ಕ್ಕೆ ಮುಗಿಯಿತು. ಲೋಕಸಭೆಯ ಸಮಯದಲ್ಲಿ ಐದನೇ ಒಂದು ಪಾಲೂ ಕೆಲಸಕ್ಕೆ ಸಿಗಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರ ಮತಕ್ಕೆ ಒಪ್ಪಬೇಕಿತ್ತು. 2014ರಲ್ಲಿ ಬಿಜೆಪಿ ಒಂದೇ 282 ಸ್ಥಾನ ಗೆದ್ದಿತ್ತು, ಸೋಲುವ ಭಯವೇ ಇರಲಿಲ್ಲ. ಮತ ನಡೆದಿದ್ದರೆ ನಮ್ಮ ನಮ್ಮ ಸಂಸದರು ಯಾವ ಕಡೆ ನಿಂತರು ಅನ್ನುವುದು ದಾಖಲೆಯಲ್ಲಿ ಉಳಿಯುತ್ತಿತ್ತು, ಊರಿಗೆ ಬಂದಾಗ ಕೇಳಬಹುದಿತ್ತು. ಆದರೆ ವಿರೋಧ ಪಕ್ಷಗಳೂ ಒಂದು ವಾರ ನೋಡಿ, ಆಗದಿದ್ದರೆ 193ರಲ್ಲೇ ಕೂತು ಮಾತಾಡಬೇಕಿತ್ತು. ಯಾಕೆಂದರೆ ಹೊರಗೆ ದಿನಕ್ಕೊಂದು ನಿಯಮ ಬದಲಾಗುತ್ತಿತ್ತು. ಹಳೇ ನೋಟು ಬದಲಿಸಿಕೊಳ್ಳುವ ಮಿತಿ 4,000 ಇದ್ದದ್ದು 4,500 ಆಯಿತು, ಮತ್ತೆ 2,000ಕ್ಕೆ ಇಳಿಯಿತು, ನವೆಂಬರ್ 24ರ ನಂತರ ನಿಂತೇ ಹೋಯಿತು. ನವೆಂಬರ್ 14ಕ್ಕೆ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕುಗಳು ಹಳೇ ನೋಟು ತೆಗೆದುಕೊಳ್ಳಬಾರದು ಅಂತ ರಿಸರ್ವ್ ಬ್ಯಾಂಕ್ ಆದೇಶ ಬಂತು. ಊರಿನ ಸೊಸೈಟಿ, ಡಿಸಿಸಿ ಬ್ಯಾಂಕು ಬಿಟ್ಟರೆ ಬೇರೆ ಬ್ಯಾಂಕಿನ ಮೆಟ್ಟಿಲು ಹತ್ತದ ರೈತರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ನಿಮಗೆ ಗೊತ್ತೇ ಇದೆ. ಕಾಫಿ ತೋಟದಲ್ಲಿ ಕೊಯ್ಲಿನ ಹೊತ್ತು, ವಾರದ ಬಟವಾಡೆ ನಗದಿನಲ್ಲೇ ಆಗಬೇಕು. ಇದನ್ನೆಲ್ಲ ಯಾವ ನಿಯಮದಲ್ಲಾದರೂ ಸರಿ, ಸದನದಲ್ಲಿ ಹೇಳಬೇಕಿತ್ತಲ್ವಾ?

ರಾಜ್ಯಸಭೆಯಲ್ಲಿ ಮೊದಲ ದಿನವೇ ಚರ್ಚೆ ಶುರುವಾಗಿತ್ತು, ಪೂರ್ತಿಯಾಗಲಿಲ್ಲ. ನವೆಂಬರ್ 24ರಂದು ಮನಮೋಹನ್ ಸಿಂಗ್ ಮಾತಾಡಿದರು. ಜನ ತಮ್ಮ ಹಣವನ್ನು ಬ್ಯಾಂಕಿಗೆ ಹಾಕಿ, ಅದನ್ನೇ ವಾಪಸ್ ತೆಗೆಯಲಾಗದ ದೇಶ ಇನ್ನೊಂದಿದ್ದರೆ ಹೆಸರು ಹೇಳಿ ಅಂತ ಪ್ರಧಾನಿಯನ್ನು ಕೇಳಿದರು. ಅವರು ಆಡಿದ್ದು ಕೆಲವೇ ನಿಮಿಷ. ಆ ಇಡೀ ತಿಂಗಳಲ್ಲಿ ಮನೆಯ ಲೆಕ್ಕಕ್ಕೆ ಹತ್ತಿರವಾಗಿ ಕೇಳಿಸಿದ ಮಾತು ನನಗೆ ಅದೇ. ಡಿಸೆಂಬರ್ 8ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರೇ, ದೇವರಾಣೆ ನಿಮ್ಮ ಕೆಲಸ ಮಾಡಿ ಅಂತ ಸಂಸದರಿಗೆ ಹೇಳಬೇಕಾಯಿತು.

ನನಗೆ ಮರೆಯಲಾಗದ ಚಿತ್ರ ಒಂದಿದೆ. ನೋಟು ಬದಲಿಸಲು ಬಂದವರ ಬೆರಳಿಗೆ ಶಾಯಿ ಹಚ್ಚುತ್ತಿದ್ದರು. ಮತದಾನಕ್ಕೆಂದು ನಮ್ಮ ಮೈಸೂರಿನಲ್ಲಿ ತಯಾರಾಗುವ ಶಾಯಿ ಅದು. ಮತ ಹಾಕದೆಯೇ ಜನರ ಬೆರಳು ಕಪ್ಪಾಯಿತು. ಅದೇ ಹೊತ್ತಿಗೆ ಲೋಕಸಭೆಯಲ್ಲಿ ಮತ ಬೇಕೋ ಬೇಡವೋ ಅಂತ ಜಗಳ ನಡೆಯುತ್ತಿತ್ತು.

ಪ್ರಶ್ನೆ: ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ಹದಿನೆಂಟು ಸಾವಿರ ಕೂಡಿಟ್ಟಿದ್ದರು. ಅಪ್ಪನಿಗೂ ಗೊತ್ತಿರಲಿಲ್ಲ. ಆವತ್ತು ಎಲ್ಲರ ಮುಂದೆ ತೆಗೆದು ಕೊಡುವಾಗ ಕಳ್ಳತನ ಮಾಡಿದವರ ಹಾಗೆ ಅತ್ತರು. ಅದೂ ಕಪ್ಪು ಹಣವಾ? – ಓದುಗರು, ಹಾಸನ

ಉತ್ತರ: ಖಂಡಿತ ಅಲ್ಲ. ನಿಮ್ಮಮ್ಮನಿಗೆ ಇದನ್ನು ಓದಿ ಹೇಳಿ. ಎರಡೂವರೆ ಲಕ್ಷದವರೆಗಿನ ಜಮೆಯನ್ನು ತೆರಿಗೆ ಇಲಾಖೆ ಪ್ರಶ್ನಿಸುವುದಿಲ್ಲ ಅಂತ ಸರ್ಕಾರವೇ ಆಗ ಹೇಳಿತ್ತು, ಗೃಹಿಣಿಯರ ಉಳಿತಾಯವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಕಾನೂನಿನ ಪ್ರಕಾರ ಅವರ ದುಡ್ಡು ಸೇಫ್ ಆಗಿತ್ತು. ಆದರೆ ಅವರು ಕಳೆದುಕೊಂಡದ್ದು ಬೇರೆ. ಯಾರಿಗೂ ಹೇಳದೆ, ಕಷ್ಟಕ್ಕಿರಲಿ ಅಂತ ಇಟ್ಟ ದುಡ್ಡಿಗೆ ಒಂದು ಧೈರ್ಯ ಇರುತ್ತದೆ. ಒಮ್ಮೆ ಬ್ಯಾಂಕಿನ ಪಾಸ್‌ಬುಕ್ಕಿಗೆ ಹೋದ ಮೇಲೆ ಅದು ಮನೆಯವರೆಲ್ಲರ ದುಡ್ಡು ಆಗಿಬಿಡುತ್ತದೆ. ಇದನ್ನು ಲೆಕ್ಕ ಹಾಕುವ ನಿಯಮ ಯಾವ ಸದನದಲ್ಲೂ ಇಲ್ಲ. ಅದಕ್ಕೇ ಯಾರಾದರೂ ಎದ್ದು ನಿಂತು ಹೇಳಬೇಕಿತ್ತು ಅನ್ನುವುದು.

ತೆರಿಗೆ ಅಂದಾಗ ಇನ್ನೊಂದು ನೆನಪಾಗುತ್ತದೆ. ಲೆಕ್ಕ ಕೊಡದ ಹಣದ ಮೇಲೆ ಭಾರಿ ತೆರಿಗೆ ಹಾಕುವ ತಿದ್ದುಪಡಿ ಮಸೂದೆ ಅದೇ ಅಧಿವೇಶನದಲ್ಲಿ ಬಂತು. ನವೆಂಬರ್ 28ಕ್ಕೆ ಮಂಡನೆ, 29ಕ್ಕೆ ಪಾಸು. ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ಅದು ಹಣ ಮಸೂದೆ (ಮನಿ ಬಿಲ್) ಆದ್ದರಿಂದ ರಾಜ್ಯಸಭೆಗೆ ಅದನ್ನು ತಡೆಯುವ ಅಧಿಕಾರವೂ ಇರಲಿಲ್ಲ.

ಪ್ರಶ್ನೆ: ಇಷ್ಟು ದೊಡ್ಡ ತೀರ್ಮಾನಕ್ಕೆ ಸಂಸತ್ತಿನ ಒಪ್ಪಿಗೆ ಬೇಡವೇ? – ಕಾನೂನು ವಿದ್ಯಾರ್ಥಿನಿ, ಉಡುಪಿ

ಉತ್ತರ: ಬೇಡ ಅಂತ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ಬೇಕಿತ್ತು ಅಂತ ಒಬ್ಬರು. ತೀರ್ಪು ಬಂದದ್ದು 2023ರ ಜನವರಿ 2ರಂದು. ಆ ಒಬ್ಬರು ನಮ್ಮ ರಾಜ್ಯದವರಾದ ಬಿ.ವಿ. ನಾಗರತ್ನ. ರಿಸರ್ವ್ ಬ್ಯಾಂಕ್ ಕಾಯ್ದೆಯ ಸೆಕ್ಷನ್ 26(2)ರ ಪ್ರಕಾರ ಶಿಫಾರಸು ಬ್ಯಾಂಕಿನ ಮಂಡಳಿಯಿಂದಲೇ ಹುಟ್ಟಬೇಕು, ಸರ್ಕಾರವೇ ಶುರು ಮಾಡುವುದಾದರೆ ಕಾನೂನು ಅಥವಾ ಸುಗ್ರೀವಾಜ್ಞೆ ತರಬೇಕು ಅನ್ನುವುದು ಅವರ ವಾದ. 1978ರಲ್ಲಿ 1,000, 5,000, 10,000ದ ನೋಟು ರದ್ದಾದಾಗ ಹಾಗೇ ಆಗಿತ್ತು: ಮೊದಲು ಸುಗ್ರೀವಾಜ್ಞೆ, ಆಮೇಲೆ ಸಂಸತ್ತಿನ ಕಾಯ್ದೆ. ಆಗ ಆ ನೋಟು ನೋಡಿದವರೇ ಕಡಿಮೆ. 2016ರಲ್ಲಿ ಹೋದದ್ದು ಚಲಾವಣೆಯಲ್ಲಿದ್ದ ಹಣದ ಶೇ 86ರಷ್ಟು. ನನಗೆ ನಾಗರತ್ನ ಅವರ ಮಾತೇ ಸರಿ ಅನ್ನಿಸುತ್ತದೆ. ಗುಟ್ಟು ಕಾಪಾಡಬೇಕಿತ್ತು ಅನ್ನುವವರಿದ್ದಾರೆ, ಒಪ್ಪೋಣ. ಆದರೆ ಸುಗ್ರೀವಾಜ್ಞೆಯನ್ನೂ ರಾತ್ರೋರಾತ್ರಿ ತರಬಹುದು. ಆಮೇಲೆ ಅದು ಸದನಕ್ಕೆ ಬರಲೇಬೇಕು. 193 ಬೇಕೋ 184 ಬೇಕೋ ಅನ್ನುವ ಜಗಳಕ್ಕೆ ಆಗ ಅಷ್ಟು ಜಾಗ ಇರುತ್ತಿರಲಿಲ್ಲ. ನೀವು ಕಾನೂನು ಓದುತ್ತಿದ್ದೀರಿ, ಆ ಭಿನ್ನ ತೀರ್ಪನ್ನು ಪೂರ್ತಿ ಓದಿ.

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ, ಹಳೇ 500ರ ಏಳು ನೋಟು ಸಿಕ್ಕಿವೆ. ಇಟ್ಟುಕೊಂಡರೆ ತೊಂದರೆಯಾ? – ಓದುಗರು, ಶಿರಸಿ

ಉತ್ತರ: ಇಲ್ಲ. 2017ರ ಕಾಯ್ದೆಯ ಪ್ರಕಾರ ಎಲ್ಲ ಸೇರಿ ಹತ್ತು ನೋಟಿನವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ದಂಡ ಬೀಳಬಹುದು. ಬದಲಿಸಿ ಕೊಡುತ್ತೇವೆ, ಕಮಿಷನ್ ಕೊಡಿ ಅಂತ ಯಾರಾದರೂ ಬಂದರೆ ನಂಬಬೇಡಿ. ಆ ಏಳು ನೋಟನ್ನು ಅದೇ ಸೀರೆಯ ಮಡಿಕೆಯಲ್ಲಿ ಹಾಗೇ ಇಡಿ.