ಫೋನು ಓದಲಿ, ನೀನು ಅರ್ಥ ಹೇಳು

ತಂಗೀ,

ನಿನ್ನ ಮೆಸೇಜು ನಿನ್ನೆ ರಾತ್ರಿ ಬಂತು. ಓದಿ, ದೀಪ ಆರಿಸಿ ಮಲಗಿದವಳು ಎದ್ದು ಮತ್ತೊಂದು ಸಲ ಓದಿದೆ. ಮ್ಯಾಸಚೂಸೆಟ್ಸಿಗೆ ಬಂದು ಮೂರು ತಿಂಗಳಾದರೂ ಮಗ ಕ್ಲಾಸಿನಲ್ಲಿ ಬಾಯಿ ಬಿಡುತ್ತಿಲ್ಲ ಅಂತ ಟೀಚರ್ ಹೇಳಿದ್ದು, ಮಗಳು ಟ್ಯಾಬ್ ಬಿಟ್ಟು ಏಳದೇ ಇರುವುದು, ನಾಲ್ಕೂವರೆಗೇ ಕತ್ತಲಾಗುವ ಈ ಊರಿನಲ್ಲಿ ಸಂಜೆ ಕಳೆಯುವುದೇ ಕಷ್ಟವಾಗಿರುವುದು, ಎಲ್ಲ ಬರೆದಿದ್ದೀಯ. ಪಕ್ಕದ ಮನೆಯವರು ಆಡಿಯೋಬುಕ್ ಕೇಳಿಸಿ ಅಂದರಂತೆ. ಒಂದೇ ಸಂಬಳದಲ್ಲಿ ತಿಂಗಳು ತಿಂಗಳು ಅದಕ್ಕೂ ದುಡ್ಡು ಕಟ್ಟಬೇಕಾ, ಕಟ್ಟಿದರೂ ಇಂಗ್ಲಿಷ್ ಕತೆ ಕೇಳಿ ಕೇಳಿ ಇರುವ ಕನ್ನಡವೂ ಹೋದರೆ ಏನು ಗತಿ ಅಕ್ಕಾ ಅಂತ ಕೇಳಿದ್ದೀಯ.

ದುಡ್ಡು ಕಟ್ಟಬೇಡ. ಒಂದು ತಿಂಗಳು ಉಚಿತ ಅಂದ ಆ್ಯಪೊಂದಕ್ಕೆ ಕಾರ್ಡ್ ನಂಬರ್ ಕೊಟ್ಟು, ನಿಲ್ಲಿಸುವುದು ಮರೆತು, ಐದು ತಿಂಗಳು ಹಣ ಕಟ್ಟಿದವಳು ನಾನು. ಆ ತಪ್ಪು ನಿನಗೆ ಬೇಡ. ಇನ್ನು ಕನ್ನಡದ ಮಾತು. ನಮ್ಮ ಮನೆಯಲ್ಲಿ ಕನ್ನಡ ಉಳಿದದ್ದರಲ್ಲಿ ಈ ಇಂಗ್ಲಿಷ್ ಕತೆಗಳ ಪಾಲು ದೊಡ್ಡದು. ಅದು ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ನಾವು ಬಂದದ್ದು 2007ರ ಜನವರಿ. ಮಗಳಿಗೆ ಏಳು ವರ್ಷ. ಸ್ಕೂಲು ಮುಗಿಸಿ, ರೂಟ್ 9ರಲ್ಲಿ ಇವರ ಆಫೀಸಿಗೆ ಹೋಗಿ ಅವರನ್ನು ಕರೆದುಕೊಂಡು ಮನೆ ಸೇರುವ ಹೊತ್ತಿಗೆ ಒಂದು ಗಂಟೆ ಕಾರಿನಲ್ಲೇ ಕಳೆಯುತ್ತಿತ್ತು. ಇದ್ದದ್ದು ಒಂದೇ ಕಾರು. ಹಿಂದಿನ ಸೀಟಿನಲ್ಲಿ ಮಗಳು ಕಿಟಕಿಗೆ ಹಣೆ ಆನಿಸಿ ಕೂತಿರುತ್ತಿದ್ದಳು, ಕೇಳಿದರೂ ಮಾತಿಲ್ಲ. ನಮ್ಮೂರ ಲೈಬ್ರರಿಯಲ್ಲಿ ಮಕ್ಕಳ ವಿಭಾಗದ ಮೇಡಂ ಒಬ್ಬರು ಅವಳನ್ನು ನೋಡಿ, ಒಂದು ಚೀಟಿಯಲ್ಲಿ ‘ಲಿಬ್ರಿವಾಕ್ಸ್’ ಅಂತ ಬರೆದುಕೊಟ್ಟರು.

ಲಿಬ್ರಿವಾಕ್ಸ್ ಶುರುವಾದದ್ದು 2005ರಲ್ಲಿ, ಕೆನಡಾದ ಮಾಂಟ್ರಿಯಲ್‌ನ ಹ್ಯೂ ಮೆಗ್ವೈರ್ ಎಂಬವರಿಂದ. ಕಾಪಿರೈಟ್ ಮುಗಿದ ಹಳೆಯ ಪುಸ್ತಕಗಳನ್ನು ಜನರೇ ತಮ್ಮ ತಮ್ಮ ಮನೆಯಲ್ಲಿ ಕೂತು ಓದಿ, ರೆಕಾರ್ಡ್ ಮಾಡಿ, ಯಾರು ಬೇಕಾದರೂ ಕೇಳಲಿ ಎಂದು ಬಿಟ್ಟುಕೊಡುತ್ತಾರೆ. ಓದಿದವರಿಗೂ ಸಂಬಳವಿಲ್ಲ, ಕೇಳುವವರಿಗೂ ಖರ್ಚಿಲ್ಲ. ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ಕಳೆದ ಹಳೆಯ ಪುಸ್ತಕಕ್ಕೆ ಕಾಪಿರೈಟ್ ಇರುವುದಿಲ್ಲ. ಹಾಗಾಗಿ ಪ್ರತಿ ವರ್ಷ ಜನವರಿ 1ಕ್ಕೆ ಇನ್ನೊಂದು ವರ್ಷದ ಪುಸ್ತಕಗಳು ಈ ರಾಶಿಗೆ ಸೇರುತ್ತವೆ. ಆಗ ನಾನು ಎಂಪಿ3 ಇಳಿಸಿಕೊಂಡು ಸಿಡಿಗೆ ಬರೆದು ಕಾರಿನಲ್ಲಿ ಹಾಕುತ್ತಿದ್ದೆ. ನಿನಗೆ ಆ ತಾಪತ್ರಯವಿಲ್ಲ, ಫೋನಿನಲ್ಲೇ ಕೇಳಬಹುದು.

ಮೊದಲು ಹಾಕಿದ್ದು 1911ರ ‘ದಿ ಸೀಕ್ರೆಟ್ ಗಾರ್ಡನ್’. ಬರೆದವರು ಫ್ರಾನ್ಸಿಸ್ ಹಾಡ್ಸನ್ ಬರ್ನೆಟ್. ಅದೃಷ್ಟಕ್ಕೆ ಸಿಕ್ಕಿದ್ದೇ ಹೊರತು ನಾನೇನೂ ಹುಡುಕಿ ಆರಿಸಿದ್ದಲ್ಲ. ಅದರಲ್ಲಿ ಬರುವ ಮೇರಿ ಭಾರತದಲ್ಲಿ ಹುಟ್ಟಿದ ಇಂಗ್ಲಿಷರ ಹುಡುಗಿ. ಕಾಲರಾದಲ್ಲಿ ಅಪ್ಪ, ಅಮ್ಮ, ಸಾಕಿದ ಆಯಾ ಎಲ್ಲರನ್ನೂ ಕಳೆದುಕೊಂಡು ಯಾರ್ಕ್‌ಷೈರಿನ ಚಳಿಗೆ, ಗುರುತಿಲ್ಲದ ದೊಡ್ಡ ಮನೆಗೆ ಬರುತ್ತಾಳೆ. ಊಟ ಸೇರುವುದಿಲ್ಲ, ಗಾಳಿಯ ಸದ್ದಿಗೆ ನಿದ್ದೆ ಬರುವುದಿಲ್ಲ, ಅಲ್ಲಿಯವರ ಮಾತಿನ ಧಾಟಿ ಅರ್ಥವಾಗುವುದಿಲ್ಲ. ಕಿಟಕಿಗೆ ಆನಿಸಿದ್ದ ಹಣೆ ಎರಡನೆಯ ದಿನಕ್ಕೆ ಈಚೆ ಬಂತು.

ನಾಲ್ಕನೆಯ ಅಧ್ಯಾಯ ಇರಬೇಕಾದರೆ ಹೊರಗೆ ಹಿಮ ಬೀಳುತ್ತಿತ್ತು, ವೈಪರ್ ಓಡುತ್ತಿತ್ತು. ಮನೆಗೆಲಸದ ಮಾರ್ತಾ, ಭಾರತದಿಂದ ಬರುವ ಹುಡುಗಿ ಎಂದಾಗ ನೀನೂ ಅಲ್ಲಿಯವರ ಹಾಗೆ ಇರುತ್ತೀಯ ಅಂದುಕೊಂಡಿದ್ದೆ ಅನ್ನುತ್ತಾಳೆ. ಮೇರಿಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ನೇಟಿವ್‌ಗಳು ಮನುಷ್ಯರೇ ಅಲ್ಲ, ನಮಗೆ ಸಲಾಮು ಹೊಡೆಯಬೇಕಾದ ಆಳುಗಳು ಎಂದು ಕಿರುಚುತ್ತಾಳೆ.

ಹಿಂದಿನಿಂದ ದನಿ ಬಂತು. “ಅಮ್ಮಾ, ನೇಟಿವ್ಸ್ ಅಂದ್ರೆ ಯಾರು?”

ಸಿಡಿ ನಿಲ್ಲಿಸಿದೆ. ರಸ್ತೆ ಪಕ್ಕದ ಅಂಗಡಿಯೊಂದರ ಪಾರ್ಕಿಂಗಿಗೆ ಕಾರು ತಿರುಗಿಸಿ, ಹಿಂದಕ್ಕೆ ತಿರುಗಿ ಕೂತೆ. “ನಾವು ಕಣೇ ಪುಟ್ಟಿ. ನಾನು, ನೀನು, ಊರಲ್ಲಿರೋ ಅಜ್ಜಿ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು, “ಹಾಗಾದ್ರೆ ಸತ್ತೋದ ಆ ಆಯಾಗೆ ಮಕ್ಕಳಿದ್ರಾ?”

ಪುಸ್ತಕ ಅದನ್ನು ಹೇಳುವುದಿಲ್ಲ. ನಾವೇ ಹೇಳಿಕೊಂಡೆವು. ಒಂದು ವಾರ ಪೂರ್ತಿ, ಸಿಡಿ ಹಾಕದೆ, ಆ ಆಯಾಗೆ ಊರು ಕೊಟ್ಟೆವು, ಮಗನನ್ನು ಕೊಟ್ಟೆವು, ಹಿತ್ತಲಲ್ಲಿ ಹಸುವನ್ನು ಕಟ್ಟಿದೆವು. ಎಲ್ಲ ಕನ್ನಡದಲ್ಲಿ. ಆಯಾಳ ಮನೆಯ ಕತೆ ಇಂಗ್ಲಿಷಿನಲ್ಲಿ ಹೇಳುವುದು ಅವಳಿಗೂ ಸರಿ ಕಾಣಲಿಲ್ಲ, ನನಗೂ ಕಾಣಲಿಲ್ಲ. ಇಲ್ಲಿಗೆ ಬಂದಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

ನಾನು ಶಿವಮೊಗ್ಗದ ಕಡೆಯವಳು. ಮತ್ತೂರು, ಹೊಸಹಳ್ಳಿಯ ಗಮಕದ ಹೆಸರು ನೀನು ಕೇಳಿಯೇ ಇರುತ್ತೀಯ. 2022ರಲ್ಲಿ ಪದ್ಮಶ್ರೀ ಬಂದ ಎಚ್. ಆರ್. ಕೇಶವಮೂರ್ತಿಗಳು ಹೊಸಹಳ್ಳಿಯವರೇ. ನಮ್ಮಜ್ಜ ಗಮಕ ಇದೆ ಅಂದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಗಮಕಿಗಳು ಕುಮಾರವ್ಯಾಸನ ಒಂದು ಪದ್ಯ ವಾಚಿಸಿ ನಿಲ್ಲಿಸುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ನಡುಗನ್ನಡದ ಆ ಭಾಮಿನಿ ಷಟ್ಪದಿ ಎಂಟು ವರ್ಷದ ನನಗೆ ಎಷ್ಟು ತಿಳಿಯುತ್ತಿತ್ತು? ಆದರೂ ದ್ರೌಪದಿಯ ಕತೆ ಬಂದಾಗ ಪಕ್ಕದಲ್ಲಿ ಕೂತ ಹೆಂಗಸರ ಜೊತೆ ನನ್ನ ಕಣ್ಣಲ್ಲೂ ನೀರು ಬರುತ್ತಿತ್ತು. ಆ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಕೂತಾಗ ಹೊಳೆದದ್ದು ಇದೇ. ಸಿಡಿ ಗಮಕಿಯ ಕೆಲಸ ಮಾಡುತ್ತಿದೆ, ವ್ಯಾಖ್ಯಾನ ನನ್ನ ಪಾಲಿಗೆ ಬಂದಿದೆ. ಅಲ್ಲಿಂದ ನಮ್ಮ ಮನೆಯಲ್ಲಿ ಅದೇ ಪದ್ಧತಿಯಾಯಿತು. ಕತೆ ಯಾವ ಭಾಷೆಯಲ್ಲಾದರೂ ಇರಲಿ, ನಿಲ್ಲಿಸಿ ಮಾತಾಡುವುದು ಕನ್ನಡದಲ್ಲಿ.

ಆದ್ದರಿಂದ ನಿನಗೆ ನಾನು ಒತ್ತಿ ಹೇಳುವುದು ಒಂದೇ. ಮಕ್ಕಳ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಬೇಡ. ಸ್ಪೀಕರಿನಲ್ಲಿ ಹಾಕು, ನೀನೂ ಕೂತು ಕೇಳು. ಚಪಾತಿ ಲಟ್ಟಿಸುತ್ತಾ ಕೇಳಿದರೂ ಸಾಕು. ಮಗ ತಡೆದು ಪ್ರಶ್ನೆ ಕೇಳಿದರೆ ಕತೆ ಅಲ್ಲಿಗೇ ನಿಲ್ಲಲಿ, ಆ ದಿನ ಮುಂದಕ್ಕೆ ಹೋಗದಿದ್ದರೂ ನಷ್ಟವಿಲ್ಲ. ನೂರು ವರ್ಷದ ಹಿಂದಿನ ಪುಸ್ತಕಗಳಲ್ಲಿ ನಮ್ಮವರ ಬಗ್ಗೆ, ಕಪ್ಪು ಜನರ ಬಗ್ಗೆ, ಇಲ್ಲಿಯ ಮೂಲನಿವಾಸಿಗಳ ಬಗ್ಗೆ ಕೆಟ್ಟ ಮಾತು ಬಂದೇ ಬರುತ್ತದೆ. ಅದು ಮಗುವಿನ ಕಿವಿಗೆ ಬೀಳುವಾಗ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು.

ಎಲ್ಲಿಂದ ಶುರು ಮಾಡಲಿ ಅಂದೆಯಲ್ಲ. 1900ರಲ್ಲಿ ಬಂದ ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಆಝ್’ ಹಾಕು. ಇಂಗ್ಲಿಷ್ ಸರಳ, ಇಪ್ಪತ್ತನಾಲ್ಕು ಪುಟ್ಟ ಅಧ್ಯಾಯಗಳು, ದಿನಕ್ಕೆ ಒಂದಾದರೂ ತಿಂಗಳೊಳಗೆ ಮುಗಿಯುತ್ತದೆ. ಗಾಳಿಗೆ ಹಾರಿ ಬೇರೆ ದೇಶಕ್ಕೆ ಬಂದು ಬಿದ್ದ ಹುಡುಗಿ, ಮನೆಗೆ ಹೋಗಬೇಕು ಅನ್ನುತ್ತಲೇ ಇರುತ್ತಾಳೆ. ಇಬ್ಬರಿಗೂ ಹಿಡಿಸುತ್ತದೆ. ಲಿಬ್ರಿವಾಕ್ಸಿನಲ್ಲಿ ಒಂದೇ ಪುಸ್ತಕವನ್ನು ಬೇರೆ ಬೇರೆಯವರು ಓದಿರುತ್ತಾರೆ. ಕೆಲವದರಲ್ಲಿ ಅಧ್ಯಾಯಕ್ಕೊಂದು ದನಿ, ಸಣ್ಣ ಮಕ್ಕಳಿಗೆ ಅದು ಗಲಿಬಿಲಿ. ಒಬ್ಬರೇ ಪೂರ್ತಿ ಓದಿದ್ದನ್ನು ಹುಡುಕು. ಮೊದಲ ಐದು ನಿಮಿಷ ನೀನೊಬ್ಬಳೇ ಕೇಳಿ ನೋಡು, ದನಿ ಹಿಡಿಸದಿದ್ದರೆ ಇನ್ನೊಬ್ಬರದು ಇದ್ದೇ ಇರುತ್ತದೆ. ಲಿಬ್ರಿವಾಕ್ಸಿನ ಹೆಸರು ಹಾಕಿಕೊಂಡು ಜಾಹೀರಾತು ತುಂಬಿದ ಆ್ಯಪ್‌ಗಳೂ ಇವೆ. ಅವುಗಳ ಸಹವಾಸ ಬೇಡ, ನೇರವಾಗಿ ಅದರ ತಾಣದಿಂದಲೇ ಇಳಿಸಿಕೋ. ಓದಿನ ಜೊತೆ ಅಕ್ಷರವನ್ನೂ ನೋಡಬೇಕು ಅಂತ ಮಗ ಅಂದರೆ, ಹಳೆಯ ಪುಸ್ತಕಗಳ ತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗಿನಲ್ಲಿ ಅದೇ ಪುಸ್ತಕ ಬಿಟ್ಟಿ ಸಿಗುತ್ತದೆ. ಕೇಳುತ್ತಾ ಬೆರಳಿಟ್ಟು ಓದಲಿ.

ಈಗಿನ ಕಾಲದ ಪುಸ್ತಕ ಬೇಕಾದರೆ ಲೈಬ್ರರಿ ಕಾರ್ಡ್ ಬೇಕು. ಕಾರ್ಡಿನ ನಂಬರನ್ನು ‘ಲಿಬ್ಬಿ’ ಅನ್ನುವ ಆ್ಯಪಿಗೆ ಕೊಟ್ಟರೆ ಆಡಿಯೋಬುಕ್ಕುಗಳನ್ನು ಎರವಲು ಪಡೆಯಬಹುದು. ಹೆಸರಾದ ಪುಸ್ತಕಗಳಿಗೆ ಸರದಿ ಇರುತ್ತದೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಗಡುವು ಮುಗಿದರೆ ತಾನಾಗಿಯೇ ವಾಪಸ್ ಹೋಗುತ್ತದೆ, ದಂಡವಿಲ್ಲ. ಓದುವ ವೇಗವನ್ನು ಕಡಿಮೆ ಮಾಡಿಕೊಳ್ಳುವ ಸೌಲಭ್ಯವೂ ಅದರಲ್ಲಿದೆ. ಮೊದಮೊದಲು ಹಾಗೆ ಮಾಡು, ಇಲ್ಲಿಯವರ ಉಚ್ಚಾರ ಕಿವಿಗೆ ಹತ್ತುವ ತನಕ. ಬಾಸ್ಟನ್ ಪಬ್ಲಿಕ್ ಲೈಬ್ರರಿಯಂತೂ ಮ್ಯಾಸಚೂಸೆಟ್ಸಿನಲ್ಲಿ ವಾಸವಿರುವ ಎಲ್ಲರಿಗೂ ಇ-ಕಾರ್ಡ್ ಕೊಡುತ್ತದೆ. ಊರಿನ ಕಾರ್ಡಿನ ಜೊತೆ ಅದನ್ನೂ ಮಾಡಿಸಿಕೋ, ಎರಡು ಕಡೆಯ ಪುಸ್ತಕಗಳೂ ಒಂದೇ ಆ್ಯಪಿನಲ್ಲಿ ಸಿಗುತ್ತವೆ. ಮಗಳಿಗೆ, ರಟ್ಟಿನೊಳಗೇ ಪುಟ್ಟ ಸ್ಪೀಕರ್ ಇರುವ ಚಿತ್ರದ ಪುಸ್ತಕಗಳನ್ನು ತೋರಿಸು. ಗುಂಡಿ ಒತ್ತಿದರೆ ಪುಸ್ತಕವೇ ಓದಿ ಹೇಳುತ್ತದೆ. ಟ್ಯಾಬ್ ಬಿಡಿಸುವುದಕ್ಕೆ ನಾನು ಕಂಡ ಹಾಗೆ ಅದರಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಕನ್ನಡದ್ದೂ ಕೇಳಿಸು. ಗಮಕ ವಾಚನ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ನಮ್ಮ ಮನೆಯಲ್ಲಿ ಹೆಚ್ಚು ನಡೆದದ್ದು ಮಾತ್ರ ನನ್ನ ಅತ್ತೆಯ ದನಿ. ಪಂಜೆ ಮಂಗೇಶರಾಯರ ಮಕ್ಕಳ ಕತೆ, ಪದ್ಯಗಳನ್ನು ಅವರು ಊರಿನಿಂದಲೇ ಓದಿ ಫೋನಿನಲ್ಲಿ ಕಳಿಸುತ್ತಿದ್ದರು. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಅವರು ಬರೆದದ್ದಕ್ಕೆ ಈಗ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಓದಿ ಹಂಚಬಹುದು. ‘ನಾಗರಹಾವೇ’ ಪದ್ಯದ ನಡುವೆ ಕುಕ್ಕರ್ ಸೀಟಿ ಹೊಡೆಯುತ್ತದೆ, ಅತ್ತೆ “ತಡಿ, ಒಲೆ ಆರಿಸಿ ಬರ್ತೀನಿ” ಅನ್ನುತ್ತಾರೆ, ಚಪ್ಪಲಿ ಎಳೆಯುವ ಸದ್ದು, ದೂರದಲ್ಲಿ ಕಾಗೆ, ಆಮೇಲೆ ಪದ್ಯ ಮತ್ತೆ ಮೊದಲಿನಿಂದ. ಅವರು ಹೋಗಿ ನಾಲ್ಕು ವರ್ಷವಾಯಿತು. ಮಗಳು ಈಗಲೂ ಅದನ್ನು ಹಾಕಿಕೊಂಡು ಕೇಳುತ್ತಾಳೆ, ಸೀಟಿಯ ಭಾಗವನ್ನು ಓಡಿಸುವುದಿಲ್ಲ. ನಿನ್ನ ಅಮ್ಮನಿಗೆ ಇವತ್ತೇ ಹೇಳು, ದಿನಕ್ಕೆ ಎರಡು ಪುಟ ಓದಿ ಕಳಿಸಲಿ. ಅದನ್ನು ಫೋನಿನಲ್ಲೇ ಬಿಡಬೇಡ, ಬೇರೆ ಕಡೆಯೂ ಉಳಿಸಿಡು.

ನಿನ್ನ ಮೆಸೇಜಿನ ಕೊನೆಯಲ್ಲಿ ಒಂದು ಸಾಲು ಇತ್ತು. ಕಾಫಿ ಅಂಗಡಿಯಲ್ಲಿ ಮೂರು ಸಲ ಹೇಳಿದರೂ ಅರ್ಥವಾಗಲಿಲ್ಲ, ಆಮೇಲೆ ಮಗನೇ ಹೇಳಿದ, ಅವತ್ತಿನಿಂದ ಹೊರಗೆ ಮಾತಾಡಲು ನಾಚಿಕೆ ಅಂತ. ಅದನ್ನು ಓದಿಯೇ ನನಗೆ ನಿದ್ದೆ ಬರದೇ ಹೋದದ್ದು. ನನಗೂ ಹಾಗೇ ಆಗಿತ್ತು. ಬಂದ ನಾಲ್ಕನೆಯ ವರ್ಷ ಲಿಬ್ರಿವಾಕ್ಸಿಗೆ ಒಂದು ಅಧ್ಯಾಯ ಓದಿ ಕೊಡೋಣ ಅನ್ನಿಸಿತು. ಮೊದಲು ಒಂದು ನಿಮಿಷ ಓದಿ ಕಳಿಸಬೇಕು, ಸದ್ದು ಸರಿಯಾಗಿದೆಯಾ ನೋಡುತ್ತಾರೆ. ಉಚ್ಚಾರ ಹೀಗೇ ಇರಬೇಕು ಎಂಬ ಷರತ್ತು ಅವರಿಗಿಲ್ಲ. ಚಳಿಗಾಲದ ಕೋಟುಗಳ ಮಧ್ಯೆ ಕ್ಲಾಸೆಟ್ಟಿನೊಳಗೆ ಕೂತು, ಹೀಟರ್ ಆರಿಸಿ, ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶ ಹಾಕಿಕೊಂಡು ಓದಿದೆ. ಕಳಿಸಿದ್ದನ್ನು ಇನ್ನೊಬ್ಬ ಸ್ವಯಂಸೇವಕಿ ಪೂರ್ತಿ ಕೇಳಿ, ಇಷ್ಟನೆಯ ನಿಮಿಷದಲ್ಲಿ ಒಂದು ಸಾಲು ಎರಡು ಸಲ ಬಂದಿದೆ, ಅದನ್ನು ತೆಗೆಯಿರಿ ಎಂದು ಬರೆದರು. ಉಚ್ಚಾರದ ಬಗ್ಗೆ ಒಂದಕ್ಷರವಿಲ್ಲ. ನನ್ನ ದನಿಯಲ್ಲಿ ಯಾವುದೋ ಊರಿನ ಮಗು ಆ ಕತೆ ಕೇಳೀತು ಅನ್ನುವ ಯೋಚನೆಯಿಂದ ನನಗೆ ಬಂದ ಧೈರ್ಯ ಇಷ್ಟು ಅಂತ ಹೇಳಲಾರೆ. ವರ್ಕ್ ಪರ್ಮಿಟ್ ಬರುವ ತನಕ ಮಧ್ಯಾಹ್ನ ಹೇಗೆ ಕಳೆಯಲಿ ಎಂದು ಕೇಳಿದ್ದೀಯಲ್ಲ. ಮನಸ್ಸಿದ್ದರೆ ನೀನೂ ಓದು, ಕ್ಲಾಸೆಟ್ಟು ನಿನ್ನ ಮನೆಯಲ್ಲೂ ಇದೆ.

ಬೇಸಿಗೆಗೆ ಇನ್ನೊಂದು ಸಂಗತಿ ಇದೆ. ‘ದಿ ಜಂಗಲ್ ಬುಕ್’ ಬರೆದ ಕಿಪ್ಲಿಂಗ್ ಹುಟ್ಟಿದ್ದು ಬೊಂಬಾಯಿಯಲ್ಲಿ, ಮೋಗ್ಲಿಯ ಕತೆ ಶುರು ಮಾಡಿದ್ದು ಇಲ್ಲಿಗೆ ಎರಡು ಮೂರು ಗಂಟೆಯ ದಾರಿಯ ವರ್ಮಾಂಟಿನಲ್ಲಿ, 1892ರ ಹಿಮದೊಳಗೆ ಕೂತು. ಕತೆಯ ಕಾಡು ಮಧ್ಯಪ್ರದೇಶದ ಸಿವನಿಯದು. ನಮ್ಮ ಬಿಸಿಲನ್ನು ಇಷ್ಟು ಚಳಿಯಲ್ಲಿ ನೆನೆದು ಬರೆದರಲ್ಲ ಎಂದು ನನಗೆ ಯಾವಾಗಲೂ ಆಶ್ಚರ್ಯ. ಬ್ರಾಟಲ್‌ಬರೋ ಹತ್ತಿರ ಅವರು ಕಟ್ಟಿಸಿದ ‘ನೌಲಖಾ’ ಮನೆ ಇನ್ನೂ ಇದೆ. ಹೋಗುವ ದಾರಿಯುದ್ದಕ್ಕೂ ಕಾರಿನಲ್ಲಿ ಆ ಕತೆ ಹಾಕೋಣ, ನಿನ್ನ ಮಗನನ್ನು ನನ್ನ ಪಕ್ಕ ಕೂರಿಸು.

ಅದಕ್ಕೆ ಮೊದಲು ಕಾರ್ಡ್ ಆಗಲಿ. ಶನಿವಾರ ಹತ್ತು ಗಂಟೆಗೆ ನಿಮ್ಮೂರ ಲೈಬ್ರರಿಯ ಬಾಗಿಲಲ್ಲಿ ಇರುತ್ತೇನೆ. ಪಾಸ್‌ಪೋರ್ಟು, ಮನೆ ಬಾಡಿಗೆಯ ಕರಾರು ಪತ್ರ, ನಿನ್ನ ಹೆಸರಿಗೆ ಬಂದ ಬ್ಯಾಂಕಿನ ಕಾಗದವೊಂದು ತೆಗೆದುಕೊಂಡು ಬಾ. ವೀಸಾ ಯಾವುದು ಎಂದು ನಮ್ಮ ಕಾರ್ಡ್ ಮಾಡಿಸುವಾಗ ಯಾರೂ ಕೇಳಲಿಲ್ಲ. ಮಕ್ಕಳನ್ನೂ ಕರೆದುಕೊಂಡು ಬಾ, ಅವರ ಕಾರ್ಡಿನ ಮೇಲೆ ಅವರೇ ಹೆಸರು ಬರೆಯಲಿ. ಹಿಮ ಬೀಳುವ ಸೂಚನೆ ಇದೆ, ಚಿಕ್ಕವಳಿಗೆ ಬೂಟು ಹಾಕು. ಇನ್ನೂ ಕೊಂಡಿಲ್ಲವಾದರೆ ಹೇಳು, ನನ್ನ ಮಗಳದ್ದು ಅಟ್ಟದಲ್ಲಿದೆ, ತರುತ್ತೇನೆ.