1822ರ ‘ಕಿರ್ಗಿಜ್’ ಕಾನೂನು ಕಜಕರದ್ದು

ಗೊಂದಲಕ್ಕೆ ಕಾರಣ ಹೆಸರು. 1822ರ ರಷ್ಯನ್ ಕಾನೂನು ಕಿರ್ಗಿಜರ ಖಾನ್ ಪದವಿ ತೆಗೆಯಿತು ಅಂತಾದರೆ, ಮನಾಪರು ಯಾರು ಎಂದು ಕೇಳಿದ್ದೀರಿ. ಮನಾಪರು ಎಂದರೆ ಕಿರ್ಗಿಜ್ ಬುಡಕಟ್ಟುಗಳ ನಾಯಕರು. ಆಗ ರಷ್ಯನ್ನರು ‘ಕಿರ್ಗಿಜ್’ ಎಂದು ಕರೆಯುತ್ತಿದ್ದದ್ದು ಕಜಕರನ್ನು. ಈಗಿನ ಕಿರ್ಗಿಜರು ರಷ್ಯನ್ನರಿಗೆ ‘ಕಾರಾ-ಕಿರ್ಗಿಜ್’.

ಹಳೆಯ ದಾಖಲೆಯ ‘ಕಿರ್ಗಿಜ್’ ಯಾರೆಂದು ತಿಳಿಯಲು ಮೊದಲು ಇಸವಿ ನೋಡಿ. ಇಸ್ಸಿಕ್-ಕುಲ್ ಸರೋವರದ ಬುಗು ಎಂಬ ಕಿರ್ಗಿಜ್ ಬುಡಕಟ್ಟು ರಷ್ಯಾಕ್ಕೆ ನಿಷ್ಠೆಯ ಪ್ರಮಾಣ ಮಾಡಿದ್ದೇ 1855ರಲ್ಲಿ. ಅದಕ್ಕಿಂತ ಹಳೆಯ ಆಡಳಿತ ಕಾನೂನಾದರೆ ಕಜಕರದ್ದೇ. ಆಮೇಲೆ ನಾಯಕರ ಪದವಿ ನೋಡಿ. ಸುಲ್ತಾನ್ ಅಂತಿದ್ದರೆ ಹೆಚ್ಚಾಗಿ ಕಜಕರು, ಮನಾಪ್ ಅಂತಿದ್ದರೆ ಉತ್ತರದ ಕಿರ್ಗಿಜರು. ದಕ್ಷಿಣದಲ್ಲಿ ‘ದತ್ಕಾ’ ಸಿಗುತ್ತದೆ, ಅದು ಮಧ್ಯ ಏಷ್ಯಾದ ಕೋಕಂದ್ ರಾಜ್ಯದ ಖಾನರು ಕೊಟ್ಟ ಬಿರುದು. ಇಸವಿ, ಪದವಿ ಎರಡೂ ಇಲ್ಲದ ದಾಖಲೆಯಾದರೆ ಸುಮ್ನೆ ಊಹೆ ಮಾಡಬೇಡಿ, ಊರಿನ ಹೆಸರು ಹುಡುಕಿ.

1867ರ ನಂತರದ ದಾಖಲೆಗಳನ್ನು ಮಾತ್ರ ನಿಧಾನವಾಗಿ ಓದಿ. ಆಗ ಬುಡಕಟ್ಟುಗಳನ್ನು ವೊಲೊಸ್ತ್ ಎಂಬ ಹೋಬಳಿಯಂಥ ಘಟಕಗಳಾಗಿ ಒಡೆದು, ಮುಖ್ಯಸ್ಥರನ್ನು ಮೂರು ವರ್ಷಕ್ಕೊಮ್ಮೆ ಚುನಾಯಿಸುವಂತೆ ಮಾಡಿದರು. ಉದ್ದೇಶ ಮನಾಪರ ಬಲ ಕುಗ್ಗಿಸುವುದು. ಆದರೆ ಎಷ್ಟೋ ಕಡೆ ಗೆದ್ದವರು ಮನಾಪರ ಮನೆಯವರೇ! ಹಾಗಾಗಿ ಪದವಿ ‘ವೊಲೊಸ್ತ್ ಮುಖ್ಯಸ್ಥ’ ಅಂತಿದ್ದರೂ ಮನೆತನ ನೋಡಲೇಬೇಕು.

ಸರಿಬಾಗಿಶ್ ಬುಡಕಟ್ಟಿನ ಶಬ್ದಾನ್ ಅವರಿಂದ ಓದು ಶುರುಮಾಡಿ. ಮನಾಪರಾಗಿದ್ದ ಅವರಿಗೆ ರಷ್ಯನ್ ಸೇನಾ ಪದವಿಯೂ ಇತ್ತು. ಅವರು ತೀರಿಕೊಂಡದ್ದು 1912ರಲ್ಲಿ. ನಾಲ್ಕೇ ವರ್ಷಕ್ಕೆ, 1916ರ ದಂಗೆಯಲ್ಲಿ, ಅವರ ಮಕ್ಕಳೇ ರಷ್ಯಾದ ವಿರುದ್ಧ ನಿಂತರು.